ರೂಟರ್ ಪಕ್ಕ ಕೂತರೆ ಮಾತ್ರ ವೈಫೈ, ಮಗ್ಗದ ಕೋಣೆಗೆ ಹೋದರೆ ಇಲ್ಲ (ಲಿನಕ್ಸ್ ಮಿಂಟ್)

ಖಣ_ಮಗ್ಗ:
ಗುಳೇದಗುಡ್ಡದಿಂದ ಬರೆಯುತ್ತಿದ್ದೇನೆ. ಹಳೇ ಲ್ಯಾಪ್‌ಟಾಪ್‌ನಿಂದ ಹೋದ ವಾರ ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿದೆ. ಮೊದಲಿಗಿಂತ ಚುರುಕಾಗಿದೆ, ಅದರ ಬಗ್ಗೆ ತಕರಾರಿಲ್ಲ. ವೈಫೈದೇ ತಲೆನೋವು. ರೂಟರ್ ಪಡಸಾಲೆಯಲ್ಲಿದೆ, ಅದರ ಪಕ್ಕ ಕೂತರೆ ನೆಟ್ ಬರುತ್ತದೆ, ಹತ್ತು ಹೆಜ್ಜೆ ದಾಟಿ ಮಗ್ಗದ ಕೋಣೆಗೆ ಹೋದರೆ ರೂಟರ್ ಹೆಸರೇ ಪಟ್ಟಿಯಲ್ಲಿ ಕಾಣುವುದಿಲ್ಲ, ಅಪ್ಪಿತಪ್ಪಿ ಕಂಡರೂ ಪಾಸ್‌ವರ್ಡ್ ಮತ್ತೆ ಮತ್ತೆ ಕೇಳಿ ಸುಮ್ಮನಾಗುತ್ತದೆ. ಪಾಸ್‌ವರ್ಡ್ ಸರಿ ಇದೆ. ರೂಟರ್ ಆಫ್ ಆನ್ ಮಾಡಿದ್ದೂ ಆಯ್ತು. ಖಣದ ಆರ್ಡರ್, ಬಿಲ್ಲು ಎಲ್ಲ ಆ ಕೋಣೆಯಲ್ಲೇ ಕೂತು ಮಾಡಬೇಕು. ಏನು ಮಾಡಲಿ?

ಕರದಂಟು:
ನಿಮ್ಮದು ಹಳೇ ಮನೆ ಇರಬೇಕು, ಮೊಳ ದಪ್ಪದ ಕಲ್ಲಿನ ಗೋಡೆ, ಅಲ್ವಾ? 5 ಗಿಗಾಹರ್ಟ್ಸ್ ಸಿಗ್ನಲ್ ಅದನ್ನು ದಾಟುವುದು ಕಷ್ಟ. ರೂಟರ್‌ನಲ್ಲಿ 2.4ಕ್ಕೆ ಬದಲಾಯಿಸಿ. ಅದಕ್ಕೂ ಬಗ್ಗದಿದ್ದರೆ ಬಾಗಿಲ ಹತ್ತಿರ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸೋ ಒಂದು ರಿಪೀಟರ್ ಹಾಕಿ. ಅಮೀನಗಡದ ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇವೆ.

ಗೋಲ್‌ಗುಂಬಜ್:
ದುಡ್ಡು ಸುರಿಯುವ ಮೊದಲು ಎರಡು ವಿಷಯ ಹೇಳಿ. ಅದೇ ಕೋಣೆಯಲ್ಲಿ ಫೋನಿಗೆ ವೈಫೈ ಹೇಗೆ ಬರುತ್ತದೆ? ಮತ್ತೆ ಟರ್ಮಿನಲ್ (ಕಮಾಂಡ್ ಹೊಡೆಯೋ ಕಿಟಕಿ) ತೆಗೆದು ಎಲ್‌ಎಸ್‌ಪಿಸಿಐ -ಕೆ ಅಂತ ಹೊಡೆಯಿರಿ, ನೆಟ್‌ವರ್ಕ್ ಕಂಟ್ರೋಲರ್ ಅನ್ನೋ ಸಾಲಿನಲ್ಲಿ ಯಾವ ಚಿಪ್ ಇದೆ ನೋಡಿ. ಕಮಾಂಡ್ ನಾನು ಕನ್ನಡದಲ್ಲಿ ಬರೆದಿದ್ದೇನೆ, ನೀವು ಹೊಡೆಯುವಾಗ ಎಲ್ಲ ಇಂಗ್ಲಿಷಿನ ಸಣ್ಣ ಅಕ್ಷರ.

ಖಣ_ಮಗ್ಗ:
ಫೋನಿಗೆ ಪೂರ್ತಿ ಕಡ್ಡಿ ಬರುತ್ತದೆ ಸರ್, ಮಗ್ಗದ ಮೇಲೇ ಇಟ್ಟು ನೋಡಿದೆ. ಚಿಪ್ ರಿಯಲ್‌ಟೆಕ್ ಆರ್‌ಟಿಎಲ್8723ಬಿಇ.

ಗೋಲ್‌ಗುಂಬಜ್:
ಹಾಗಾದರೆ ಗೋಡೆಯ ತಪ್ಪಿಲ್ಲ. ಈ ಚಿಪ್‌ಗೆ 5 ಗಿಗಾಹರ್ಟ್ಸ್ ಬರುವುದೇ ಇಲ್ಲ, ಇರೋದೇ 2.4. ಕರದಂಟು ಅಣ್ಣ ಬೇಜಾರಾಗಬೇಡಿ.

ವಿಷಯ ಏನಂದರೆ, ಈ ಚಿಪ್ ಇರೋ ವೈಫೈ ಕಾರ್ಡಿನ ಮೇಲೆ ಆಂಟೆನಾ ವೈರ್ ಸಿಕ್ಕಿಸೋಕೆ ಎರಡು ಪುಟ್ಟ ಗುಂಡಿ ಇರುತ್ತವೆ, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಕೆಲವು ಲ್ಯಾಪ್‌ಟಾಪ್ ಮಾಡುವವರು ವೈರ್ ಉಳಿಸೋಕೆ ಒಂದಕ್ಕೆ ಮಾತ್ರ ಸಿಕ್ಕಿಸಿ ಕೈತೊಳೆದುಕೊಂಡಿದ್ದಾರೆ. ಲಿನಕ್ಸ್ ಡ್ರೈವರ್, ಅಂದರೆ ಕಾರ್ಡನ್ನು ನಡೆಸೋ ಸಾಫ್ಟ್‌ವೇರ್, ಖಾಲಿ ಇರೋ ಗುಂಡಿಯನ್ನು ಆರಿಸಿಕೊಂಡರೆ ನಿಮ್ಮ ಕಥೆ ಆಗುತ್ತದೆ: ಆಂಟೆನಾ ಇಲ್ಲದ ರೇಡಿಯೋ, ರೂಟರ್ ಪಕ್ಕ ಮಾತ್ರ ಕೇಳಿಸುತ್ತದೆ. ಯಾವ ಗುಂಡಿ ಅಂತ ನಾವೇ ಹೇಳಬಹುದು.

ಮೊದಲು ಪಡಸಾಲೆ ಬಾಗಿಲಲ್ಲಿ ನಿಂತು, ವೈಫೈ ಸಿಕ್ಕಿರುವಾಗ, ಐಡಬ್ಲ್ಯು ಡೆವ್ ಹೊಡೆದು ಇಂಟರ್‌ಫೇಸ್ ಹೆಸರು, ಅಂದರೆ ಲಿನಕ್ಸ್ ಆ ಕಾರ್ಡಿಗೆ ಇಟ್ಟಿರೋ ಹೆಸರು, ನೋಡಿಕೊಳ್ಳಿ. ಆಮೇಲೆ ಐಡಬ್ಲ್ಯು ಡೆವ್, ಆ ಹೆಸರು, ಲಿಂಕ್. ಸಿಗ್ನಲ್ ಅನ್ನೋ ಸಾಲಿನ ಅಂಕಿ ಬರೆದಿಟ್ಟುಕೊಳ್ಳಿ. ನಂತರ ಡ್ರೈವರ್ ತೆಗೆಯೋಕೆ ಸುಡೊ ಮಾಡ್‌ಪ್ರೋಬ್ -ಆರ್ ಆರ್‌ಟಿಎಲ್8723ಬಿಇ. ವೈಫೈ ಹೋಗುತ್ತದೆ, ಗಾಬರಿಯಾಗಬೇಡಿ. ಅದರ ಹಿಂದೆಯೇ, ಡ್ರೈವರ್ ಮತ್ತೆ ಹಾಕೋಕೆ, ಸುಡೊ ಮಾಡ್‌ಪ್ರೋಬ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2. ಮತ್ತೆ ಸಿಗ್ನಲ್ ನೋಡಿ. ಬದಲಾಗದಿದ್ದರೆ 2ರ ಜಾಗದಲ್ಲಿ 1 ಹಾಕಿ ಇದನ್ನೇ ಮಾಡಿ.

ಖಣ_ಮಗ್ಗ:
ಬಾಗಿಲಲ್ಲಿ ಮೊದಲು -84 ಇತ್ತು, 2 ಹಾಕಿದ ಮೇಲೆ -52! ಮಗ್ಗದ ಕೋಣೆಯಲ್ಲಿ -63. ಇದು ಒಳ್ಳೇದೇ ತಾನೇ?

ಗೋಲ್‌ಗುಂಬಜ್:
ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೇದು. ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು, ಅಂದರೆ ನಿಮ್ಮದು ಸಾವಿರ ಪಟ್ಟಿಗಿಂತ ಜಾಸ್ತಿ ಏರಿದೆ. ಆದರೆ ಇಷ್ಟೇ ಬಿಟ್ಟರೆ ರೀಸ್ಟಾರ್ಟ್ ಮಾಡಿದಾಗ ಮರೆತುಬಿಡುತ್ತದೆ. ಇಟಿಸಿ ಒಳಗಿನ ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ ಆರ್‌ಟಿಎಲ್8723ಬಿಇ.ಕಾನ್ಫ್ ಅಂತ ಫೈಲ್ ಮಾಡಿ, ಒಂದೇ ಸಾಲು ಬರೆಯಿರಿ: ಆಪ್ಷನ್ಸ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2. ಸುಡೊ (ಅಡ್ಮಿನ್ ಅಧಿಕಾರ ಕೊಡೋ ಕಮಾಂಡ್) ಹಾಕಿಯೇ ತೆರೆಯಬೇಕು, ಇಲ್ಲಾಂದ್ರೆ ಸೇವ್ ಆಗಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದರೂ ಈ ಫೈಲ್ ಹಾಗೇ ಇರುತ್ತದೆ.

ಕರದಂಟು:
ಸರಿ, ನಾನು ಸೋತೆ. ನಮ್ಮ ಮನೆಯಲ್ಲೂ ಒಂದು ಹಳೇ ಲ್ಯಾಪ್‌ಟಾಪ್ ಮೂಲೆಗೆ ಬಿದ್ದಿದೆ, ಇದೇ ಚಿಪ್ ಇದೆಯಾ ಅಂತ ನೋಡುತ್ತೇನೆ.

ಖಣ_ಮಗ್ಗ:
ಫೈಲ್ ಬರೆದು ರೀಸ್ಟಾರ್ಟ್ ಮಾಡಿದೆ, -61. ಇನ್ನೊಂದೇ ಒಂದು: ಐದು ನಿಮಿಷ ಸುಮ್ನೆ ಬಿಟ್ಟು ಬಂದು ಪೇಜ್ ತೆಗೆದರೆ ಮೊದಲ ಸಲ ತಡವರಿಸುತ್ತದೆ.

ಗೋಲ್‌ಗುಂಬಜ್:
ಅದು ಪವರ್ ಸೇವ್ ಇರಬಹುದು, ಬ್ಯಾಟರಿ ಉಳಿಸೋಕೆ ವೈಫೈ ನಿದ್ದೆಗೆ ಜಾರೋದು. ನೆಟ್‌ವರ್ಕ್‌ಮ್ಯಾನೇಜರ್‌ನ ಕಾನ್ಫ್.ಡಿ ಫೋಲ್ಡರ್‌ನಲ್ಲಿ ವೈಫೈ.ಪವರ್‌ಸೇವ್ = 3 ಅಂತ ಇದ್ದರೆ 2 ಮಾಡಿ ನೋಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ ಅಷ್ಟೇ, ಹೇಗೂ ನೀವು ಚಾರ್ಜರ್ ಸಿಕ್ಕಿಸಿಯೇ ಕೂರುತ್ತೀರಲ್ಲ.