ಸಹಾಯ ಬೇಕು: ‘ಲೈ’–‘ಲೇ’ ಗೊಂದಲಕ್ಕೆ ಒಳ್ಳೆಯ ವಾಕ್ಯಗಳು

ಕನ್ನಡ ಮಾಧ್ಯಮದ 10ನೇ ತರಗತಿಗೆ ಇಂಗ್ಲಿಷ್ ಅಭ್ಯಾಸದ ಹಾಳೆ ಮಾಡಬೇಕಿದೆ. ‘ಲೈ’ ಅಂದರೆ ತಾನೇ ಮಲಗು, ‘ಲೇ’ ಅಂದರೆ ಮಲಗಿಸು ಅಥವಾ ಇಡು. ‘ಏನನ್ನು?’ ಎಂದು ಕೇಳಿದಾಗ ಉತ್ತರ ಸಿಕ್ಕರೆ ‘ಲೇ’. ಇಲ್ಲಿಯವರೆಗೆ ನಮ್ಮ ‘ಇಸು’ ಪ್ರತ್ಯಯವೇ ಕೈ ಹಿಡಿಯುತ್ತದೆ.

ಎಡವುವುದು ಭೂತಕಾಲದಲ್ಲಿ. ಲೈ–ಲೇ–ಲೇನ್, ಲೇ–ಲೇಯ್ಡ್–ಲೇಯ್ಡ್. ಮೊದಲನೆಯದರ ಭೂತರೂಪವೇ ಎರಡನೆಯದರ ಮೂಲರೂಪ! ಹಾಗಾಗಿ ‘ಅವಳು ಚಾಪೆಯ ಮೇಲೆ ಮಲಗಿದಳು’ ಎಂಬುದಕ್ಕೆ ‘ಶಿ ಲೇಯ್ಡ್ ಆನ್ ದ ಮ್ಯಾಟ್’ ಎಂದು ಬರೆಯುತ್ತಾರೆ. ಸರಿಯಾದದ್ದು ‘ಶಿ ಲೇ’. (ಸುಳ್ಳು ಹೇಳುವ ‘ಲೈ’ ಬೇರೆಯೇ, ಅದು ‘ಲೈಡ್’ ಆಗುತ್ತದೆ. ಸದ್ಯಕ್ಕೆ ಅದು ಬೇಡ.)

‘ಯೆಸ್ಟರ್‌ಡೇ’ ಹಾಕದೆಯೂ ಭೂತಕಾಲ ಗೊತ್ತಾಗುವಂಥ, ಮನೆ-ಹೊಲದ ಐದಾರು ವಾಕ್ಯ ಯಾರಾದರೂ ಕೊಡುತ್ತೀರಾ? ಕೋಳಿ ಮೊಟ್ಟೆ ಇಟ್ಟದ್ದು ಆಗಲೇ ಹಾಳೆಯಲ್ಲಿದೆ.