‘ಕೇಸು ಹಿಂತೆಗೆದುಕೊಳ್ಳು’ ಅಂದರೆ ಕೇಸು ಮುಗಿಯಿತೇ?

ಕಾನೂನಿನ ಒಂದು ಭಾಗವನ್ನು ಸರಳ ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ, ಬಲ್ಲವರು ಬಿಡಿಸಬೇಕು.

ಕ್ರಿಮಿನಲ್ ಕೇಸುಗಳನ್ನು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 450ನೇ ಕಲಂ ನೋಡಿ. ಇದಕ್ಕೂ ಮೊದಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 410 ಆಗಿತ್ತು. ಚೀಫ್ ಜುಡಿಷಿಯಲ್ ಮ್ಯಾಜಿಸ್ಟ್ರೇಟರು ತಮ್ಮ ಕೈಕೆಳಗಿನ ಮ್ಯಾಜಿಸ್ಟ್ರೇಟರ ಮುಂದಿರುವ ಕೇಸನ್ನು ತೆಗೆದುಕೊಂಡು ತಾವೇ ನಡೆಸಬಹುದು, ಇಲ್ಲವೇ ಅಂಥ ಇನ್ನೊಬ್ಬರಿಗೆ ಕೊಡಬಹುದು. ಇಂಗ್ಲಿಷಿನಲ್ಲಿರುವ ಮಾತು ‘ವಿತ್‌ಡ್ರಾ’. ಥಟ್ಟನೆ ಬರುವ ಕನ್ನಡ ‘ಹಿಂತೆಗೆದುಕೊಳ್ಳು’. ತೊಡಕು ಇಲ್ಲೇ.

‘ಕೇಸು ಹಿಂತೆಗೆದುಕೊಂಡರು’ ಎಂದರೆ ನಮ್ಮ ಕಿವಿಗೆ ಕೇಸೇ ಹೋಯಿತು ಅಂತ ಕೇಳಿಸುತ್ತದೆ, ಅಲ್ವಾ? ‘ಹೋರಾಟಗಾರರ ಮೇಲಿನ ಕೇಸು ವಾಪಸ್’ ಎಂಬ ಸುದ್ದಿಯನ್ನು ಹಾಗೆಯೇ ಓದುತ್ತೇವೆ. ಅದು 360ನೇ ಕಲಂ. ಅಲ್ಲಿ ಸರ್ಕಾರಿ ವಕೀಲರು ಕೋರ್ಟಿನ ಒಪ್ಪಿಗೆ ಪಡೆದು ಮೊಕದ್ದಮೆಯನ್ನೇ ಕೈಬಿಡುತ್ತಾರೆ. 450ರಲ್ಲಿ ಕೇಸು ಜೀವಂತವಾಗಿಯೇ ಇರುತ್ತದೆ, ನಡೆಸುವವರು ಮಾತ್ರ ಬದಲಾಗುತ್ತಾರೆ. ಎರಡಕ್ಕೂ ಒಂದೇ ಪದ ಬಳಸಿದರೆ, ಆರೋಪಿಯೊಬ್ಬ ತಾನು ಪಾರಾದೆ ಎಂದುಕೊಂಡು ಮುಂದಿನ ತಾರೀಖಿಗೆ ಹೋಗದೇ ಇರಬಹುದು. ಇದು ಸುಮ್ನೆ ಪದದ ಜಗಳವಲ್ಲ.

‘ವರ್ಗಾಯಿಸು’ ಎನ್ನೋಣವೇ? 446ರಿಂದ 448ರವರೆಗೆ ಸುಪ್ರೀಂ ಕೋರ್ಟ್, ಹೈಕೋರ್ಟ್, ಸೆಷನ್ಸ್ ನ್ಯಾಯಾಧೀಶರ ‘ಟ್ರಾನ್ಸ್‌ಫರ್’ ಅಧಿಕಾರ ಬರುತ್ತದೆ. ಆ ಪದ ಅಲ್ಲಿಗೆ ಬೇಕು. ಮೇಲಾಗಿ ಕೇಸನ್ನು ತಾವೇ ಇಟ್ಟುಕೊಳ್ಳುವ ಅರ್ಥ ವರ್ಗಾವಣೆಯಲ್ಲಿ ಬರುವುದಿಲ್ಲ.

ನನಗೆ ಹೊಳೆದದ್ದು ‘ತರಿಸಿಕೊಳ್ಳು’. ‘ಕಾರಣ ಬರೆದಿಟ್ಟು, ಕೇಸನ್ನು ತಮ್ಮ ಕೋರ್ಟಿಗೆ ತರಿಸಿಕೊಂಡರು.’ (ಕಾರಣ ಬರೆಯಲೇಬೇಕು, 452ನೇ ಕಲಂ ಹಾಗೆ ಹೇಳುತ್ತದೆ.) ಇದೇ 450ರಲ್ಲಿ ‘ರೀಕಾಲ್’ ಕೂಡ ಇದೆ. ಅದು ತಾವೇ ಮೊದಲು ಕೊಟ್ಟ ಕೇಸಿಗೆ. ಅದಕ್ಕೆ ‘ಮರಳಿ ತರಿಸಿಕೊಳ್ಳು’ ಚೆನ್ನಾಗಿ ಕೂಡುತ್ತದೆ. ‘ಮರಳಿ’ ಎಂಬ ಒಂದೇ ಮಾತು ಎರಡರ ವ್ಯತ್ಯಾಸವನ್ನು ಹೇಳಿಬಿಡುತ್ತದೆ. ಹಾಗೆ ಮೊದಲು ಕೊಡುವುದಕ್ಕೆ, ಅಂದರೆ 212ರ ‘ಮೇಕ್ ಓವರ್’ಗೆ, ‘ವಹಿಸು’ ಸಾಕು. ‘ಒಪ್ಪಿಸು’ ಬೇಡ, ಅದು ಸೆಷನ್ಸ್ ಕೋರ್ಟಿಗೆ ‘ಕಮಿಟ್’ ಮಾಡುವುದಕ್ಕೆ, ಅಂದರೆ ಆ ಕೋರ್ಟೇ ವಿಚಾರಿಸಬೇಕಾದ ಕೇಸನ್ನು ಮ್ಯಾಜಿಸ್ಟ್ರೇಟರು ಅಲ್ಲಿಗೆ ಕಳಿಸುವುದಕ್ಕೆ, ಇರಲಿ.

ಒಂದು ಅನುಮಾನ ಉಳಿದಿದೆ. ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ಕಡತವನ್ನು ಪರಿಶೀಲನೆಗೆಂದು ‘ತರಿಸಿಕೊಳ್ಳುವುದೂ’ ಉಂಟು. ‘ಕೇಸನ್ನು’, ‘ಕಡತವನ್ನು’ ಎಂದು ಬಿಡಿಸಿ ಬರೆದರೆ ಗೊಂದಲ ತಪ್ಪೀತೇ? ಕೋರ್ಟಿನಲ್ಲಿ ಕೆಲಸ ಮಾಡುವವರು ಕನ್ನಡದ ಆದೇಶಗಳಲ್ಲಿ ಇಲ್ಲಿ ಯಾವ ಪದ ಬರೆಯುತ್ತೀರಿ?