ಒಂದೇ ವಾಟೆಯಿಂದ ಮೂರು ಮಾವಿನ ಸಸಿ, ಯಾವುದನ್ನು ಉಳಿಸಲಿ?

ತಳಿರು:
ಅಮ್ಮ ನೆಟ್ಟಿದ್ದ ಮಾವಿನ ಮರ ಗಾಳಿಮಳೆಗೆ ಮುರಿದು ಬಿತ್ತು. ಮೊಳಕಾಲೆತ್ತರದ ಬುಡ ಮಾತ್ರ ಉಳಿದಿದೆ. ಬಿದ್ದ ಕೊಂಬೆಯಲ್ಲಿ ಸಿಕ್ಕ ಒಂದು ಹಣ್ಣಿನ ವಾಟೆ ತೊಳೆದು, ನೆರಳಲ್ಲಿ ಎರಡು ದಿನ ಆರಿಸಿ, ಅಂಚು ಬಿಡಿಸಿ ಒಳಗಿನ ಬೀಜವನ್ನು ಕುಂಡದಲ್ಲಿ ಹಾಕಿದೆ. 18ನೇ ದಿನ ಮೊಳಕೆ ಬಂತು. ಈಗ ನೋಡಿದರೆ ಮೂರು ಸಸಿ! ಅವುಗಳಲ್ಲಿ ಎರಡು ಸಸಿ ಗೇಣುದ್ದ ಇವೆ, ಇನ್ನೊಂದು ಬೆರಳುದ್ದ. ಎಳೆ ಎಲೆಗಳು ತಾಮ್ರದ ಬಣ್ಣಕ್ಕಿದ್ದು ಜೋತುಬಿದ್ದಿವೆ. ರೋಗವಾ? ಯಾವುದನ್ನು ಕೀಳಲಿ? ನನಗೆ ಅದೇ ಹಣ್ಣು ಬೇಕು.

ಬೇರುಮಣ್ಣು:
ಬೀಜದ ಗಿಡ ಕಾಯಿ ಬಿಡಲು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಬೇಗ ಹಣ್ಣು ಬೇಕಿದ್ದರೆ ಕಸಿ ಗಿಡ ತಂದುಬಿಡಿ.

ಹಿತ್ತಲ ಗಿಡ:
ಅವರಿಗೆ ಬೇಕಿರುವುದು ಯಾವುದೋ ಮಾವಲ್ಲ, ಅಮ್ಮನ ಮರದ ಮಾವು ಅಲ್ವಾ? ತಳಿರು ಅವರೇ, ದಯವಿಟ್ಟು ಒಂದನ್ನೂ ಕೀಳಬೇಡಿ. ಎಲೆಗೆ ರೋಗವಿಲ್ಲ, ಮಾವಿನ ಎಳೆ ಎಲೆ ಹಾಗೇ ಇರುತ್ತದೆ. ಬಲಿತ ಮೇಲೆ ಹಸಿರಾಗಿ ನೆಟ್ಟಗಾಗುತ್ತದೆ.

ಕೆಲವು ಮಾವಿನ ತಳಿಗಳಲ್ಲಿ ಒಂದೇ ಬೀಜದೊಳಗೆ ಹಲವು ಭ್ರೂಣ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿ ಮರದ ಅಂಗಾಂಶದಿಂದಲೇ ಹುಟ್ಟಿದವು, ಅಂದರೆ ತಾಯಿಯದೇ ಪಡಿಯಚ್ಚು. ಪರಾಗದಿಂದ ಹುಟ್ಟಿದ್ದು ಮಾತ್ರ ಬೇರೆ ಗುಣದ್ದಾಗಬಹುದು. ಅದು ಯಾವುದು ಅಂತ ಬರೀ ಕಣ್ಣಿಂದ ಖಚಿತವಾಗಿ ಹೇಳಲಾಗದು. ನಾನು ಒಮ್ಮೆ ದೊಡ್ಡದೊಂದನ್ನೇ ಉಳಿಸಿ ಉಳಿದೆರಡನ್ನು ಎಸೆದೆ. ಆ ಬೇಸರ ಇವತ್ತಿಗೂ ಇದೆ.

ಎಲೆ ಹಸಿರಾದ ಮೇಲೆ ಕುಂಡವನ್ನು ಬೋರಲು ಹಾಕಿ, ಮಣ್ಣನ್ನು ನೀರಲ್ಲಿ ನೆನೆಸಿ ಬಿಡಿಸಿ. ಪ್ರತಿ ಸಸಿಗೂ ತನ್ನದೇ ತಾಯಿಬೇರು ಇದ್ದರೆ ಮೂರೂ ಬೇರೆ ಗಿಡಗಳು. ಮೂರೂ ಒಂದೇ ಬೇರಿಗೆ ಸೇರಿದ್ದರೆ ಅದು ಕವಲೊಡೆದ ಒಂದೇ ಗಿಡ, ಹಾಗೇ ಬಿಡಿ. ಬೇರೆಯಾಗಿದ್ದರೆ ಆಳದ ಕುಂಡಗಳಲ್ಲಿ ನೆಟ್ಟು ಎರಡು ವಾರ ನೆರಳಲ್ಲಿಡಿ. ತಾಯಿಬೇರು ಮುರಿಯದಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ಆ ಬುಡವನ್ನು ಅಗೆಸಿಬಿಡಬೇಡಿ. ಅದು ಚಿಗುರಿದರೆ ಆ ಚಿಗುರು ಅಮ್ಮನ ಮರವೇ. ಪೆನ್ಸಿಲ್ ದಪ್ಪವಾದಾಗ ಕಡ್ಡಿ ತೆಗೆದು ಈ ಸಸಿಗಳಿಗೇ ಕಸಿ ಕಟ್ಟಬಹುದು. ಆಗ ಅದೇ ಹಣ್ಣು, ಅನುಮಾನವೇ ಬೇಡ. ಆದರೆ ಅಮ್ಮ ನೆಟ್ಟಿದ್ದು ಕಸಿ ಗಿಡವಾಗಿದ್ದರೆ ಕಸಿಗಂಟಿನ (ಕಸಿ ಕೂಡಿಸಿದ ಜಾಗದ) ಕೆಳಗಿನ ಚಿಗುರು ಬೇಡ, ಅದು ಬೇರೆ ಮರದ್ದು.

ತಳಿರು:
ಕಸಿ ಅಲ್ಲ, ಅಮ್ಮ ವಾಟೆಯಿಂದಲೇ ಬೆಳೆಸಿದ್ದು. ಈಗಷ್ಟೇ ಹೋಗಿ ನೋಡಿ ಬಂದೆ. ಬುಡದ ಒಂದು ಪಕ್ಕದಲ್ಲಿ ಎರಡು ಕೆಂಪು ಚಿಗುರು ಬಂದಿವೆ. ನಾಳೆ ಬುಡ ಅಗೆಯಲು ಬರಬೇಕಿದ್ದವರಿಗೆ ಬೇಡ ಅಂತ ಹೇಳಿಬಿಟ್ಟೆ.